ಕೆಟ್ಟು ನಿಂತಲ್ಲಿಂದ ಗುಜರಿಯವರೆಗೆ: ಹಳೇ ಕಾರಿನ ಕಾನೂನು

ಹಳೆಯ ಕಾರು ತನ್ನ ಮಾಲೀಕನನ್ನು ಮೂರು ಕಡೆ ಕಾನೂನಿನ ಎದುರು ತಂದು ನಿಲ್ಲಿಸುತ್ತದೆ: ಕೆಟ್ಟು ನಿಂತ ರಸ್ತೆಯಲ್ಲಿ, ರಿಪೇರಿಯ ಗ್ಯಾರೇಜಿನಲ್ಲಿ, ಸಾರಿಗೆ ಕಚೇರಿಯಲ್ಲಿ. ಮೊದಲ ಎರಡು ಕಡೆ ಹಣ ಕೈಬಿಡುವುದು ಸಾವಿರಗಳ ಲೆಕ್ಕದಲ್ಲಿ. ಮೂರನೆಯ ಕಡೆ ಲಕ್ಷಗಳ ಲೆಕ್ಕ, ಆದರೆ ಜನ ಹೆದರಿ ಕಾಲಿಡದೆ ಉಳಿಯುವುದೂ ಅಲ್ಲಿಗೇ. ಘಾಟಿ ಹತ್ತುವಾಗ ರೇಡಿಯೇಟರ್ ಕುದಿದರೆ ಎಷ್ಟು ಹೊತ್ತು ಆರಲು ಬಿಟ್ಟು ಮುಚ್ಚಳ ತೆಗೆಯಬೇಕೆಂಬುದು ಅಂಬಾಸಿಡರ್ ಇದ್ದ ಮನೆಯ ಮಕ್ಕಳಿಗೂ ಗೊತ್ತಿತ್ತು. ಅದೇ ಕಾರು ಮಾರಿದ ಮೇಲೆ ಆರ್‌ಸಿಯಲ್ಲಿ ಹೆಸರು ಬದಲಾಯಿತೇ ಎಂದು ವಿಚಾರಿಸಬೇಕೆಂಬುದು ಆ ಮನೆಯ ಯಜಮಾನರಿಗೂ ತಿಳಿದಿರಲಿಲ್ಲ.

ರಸ್ತೆಯಿಂದ ಆರಂಭಿಸುವುದಾದರೆ, ಗಾಡಿ ಕೆಟ್ಟು ನಿಲ್ಲುವುದು ಅಪರಾಧವಲ್ಲ. ಅದನ್ನು ಬೇರೆಯವರಿಗೆ ಅಪಾಯವಾಗುವಂತೆ ಬಿಡುವುದು ಮೋಟಾರು ವಾಹನ ಕಾಯ್ದೆ, 1988ರ 122ನೇ ಕಲಮಿಗೆ ವಿರುದ್ಧ. ಆದ್ದರಿಂದ ಬಾನೆಟ್ ಎತ್ತುವ ಮೊದಲು ಗಾಡಿಯನ್ನು ಎಡಕ್ಕೆ ತಳ್ಳಬೇಕು, ನಾಲ್ಕೂ ಇಂಡಿಕೇಟರ್ ಹಾಕಬೇಕು, ಸಾಕಷ್ಟು ಹಿಂದೆ ಕೆಂಪು ತ್ರಿಕೋನ ಇಡಬೇಕು. ತ್ರಿಕೋನ ಇಲ್ಲದವರು ಕಲ್ಲು, ಸೊಪ್ಪು ಇಡುತ್ತಾರೆ. ಗಾಡಿ ಸ್ಟಾರ್ಟ್ ಆದೊಡನೆ ಕಲ್ಲನ್ನು ಅಲ್ಲೇ ಬಿಟ್ಟು ಹೊರಟುಹೋಗುತ್ತಾರೆ. ಆ ಕಲ್ಲಿಗೆ ರಾತ್ರಿ ಬೈಕು ಬಡಿದರೆ ಇಟ್ಟವನೇ ಹೊಣೆ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೆ ಕರೆ ಮಾಡಬಹುದು. ಶಿರಾಡಿ ಘಾಟಿಯ ತಿರುವಿನಲ್ಲಿ ಸಿಗ್ನಲ್ ಸಿಕ್ಕರೆ ಎಂಬ ಷರತ್ತು ಇದ್ದೇ ಇದೆ.

ನಿಂತ ಗಾಡಿಯನ್ನು ಯಾರು ಎಳೆದೊಯ್ಯಬಹುದು? 127ನೇ ಕಲಂ ಪ್ರಕಾರ, ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆ ಅಥವಾ ಹೆಚ್ಚು ಹೊತ್ತು ಹಾಗೇ ಬಿಟ್ಟ, ಇಲ್ಲವೇ ನಿಷೇಧಿತ ಜಾಗದಲ್ಲಿ ನಿಲ್ಲಿಸಿದ ವಾಹನವನ್ನು ತೆಗೆಸಲು ಆ ವ್ಯಾಪ್ತಿಯ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅನುಮತಿಸಬಹುದು. ಟೋಯಿಂಗ್ ಗಾಡಿಯ ಹುಡುಗರಿಗೆ ತಾವೇ ನಿರ್ಧರಿಸುವ ಅಧಿಕಾರವಿಲ್ಲ. ಅಧಿಕಾರಿ ಎಲ್ಲಿ ಎಂದು ಕೇಳುವುದು ಉದ್ಧಟತನವೂ ಅಲ್ಲ. ಆದರೆ ಸಂಚಾರಕ್ಕೆ ಅಪಾಯ ತರುವಂತೆ ನಿಂತಿದ್ದರೆ ಹತ್ತು ಗಂಟೆಯ ಲೆಕ್ಕ ನಡೆಯುವುದಿಲ್ಲ, ತಕ್ಷಣ ತೆಗೆಸಬಹುದು. ಎರಡೂ ಸಂದರ್ಭಗಳಲ್ಲಿ ಎಳೆದ ಖರ್ಚು ಮಾಲೀಕನದೇ. ರಸೀದಿ ಇಲ್ಲದೆ ಮಾತ್ರ ಕೊಡಬಾರದು.

ಆ ಖರ್ಚನ್ನು ವಿಮೆಯಿಂದ ಪಡೆಯಬಹುದೆಂದು ಹಲವರು ನಂಬಿರುತ್ತಾರೆ. ಸಾಮಾನ್ಯ ಖಾಸಗಿ ಕಾರು ಪಾಲಿಸಿ ಅಪಘಾತವಾದಾಗ ಗ್ಯಾರೇಜಿಗೆ ಸಾಗಿಸಲು 1,500 ರೂಪಾಯಿವರೆಗೆ ಕೊಡುತ್ತದೆ. ಯಂತ್ರ ಸವೆದು ಕೆಟ್ಟರೆ, ವೈರಿಂಗ್ ಕೆಟ್ಟು ನಿಂತರೆ ಅದು ಪಾಲಿಸಿಯ ಹೊರಗೆ. ಇದಕ್ಕಿಂತ ಅಪಾಯದ ಷರತ್ತು ಇನ್ನೊಂದಿದೆ. ಅಪಘಾತವಾದ ಅಥವಾ ಕೆಟ್ಟ ಗಾಡಿಯನ್ನು ಮುನ್ನೆಚ್ಚರಿಕೆಯಿಲ್ಲದೆ ಬಿಟ್ಟುಹೋಗಬಾರದು. ರಿಪೇರಿಯಾಗುವ ಮೊದಲೇ ಓಡಿಸಿ ಹಾನಿ ಹೆಚ್ಚಿದರೆ ಹೆಚ್ಚಾದಷ್ಟೂ ಮಾಲೀಕನ ತಲೆಗೆ. ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರಲ್ಲಿ ನಿಂತ ಕಾರಿನ ಸೆಲ್ಫ್ ಮತ್ತೆ ಮತ್ತೆ ಹೊಡೆದು ಎಂಜಿನ್ ಜಾಮ್ ಮಾಡಿಕೊಂಡವರ ಕ್ಲೇಮುಗಳು ಬೀಳುವುದು ಇದೇ ಜಾಗದಲ್ಲಿ. ನೀರು ಹೊಕ್ಕ ಕಾರಿನ ಕೀ ಮುಟ್ಟದೆ, ಫೋಟೊ ತೆಗೆದು, ವಿಮಾ ಕಂಪನಿಗೆ ತಿಳಿಸಿ ಎಳೆಸಿಕೊಂಡು ಹೋಗಬೇಕು.

ಗ್ಯಾರೇಜಿನಲ್ಲಿ ಹೇಳಬೇಕಾದ್ದು ಕಡಿಮೆ, ಅದನ್ನು ಪಾಲಿಸುವವರು ಇನ್ನೂ ಕಡಿಮೆ. ಏನೇನು ಕೆಲಸ, ಎಷ್ಟು ಅಂದಾಜು ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ಕೆಲಸ ಮಾಡಿದ ಮೆಕ್ಯಾನಿಕ್‌ಗೆ, ಕೂಲಿ ಕೊಡುವವರೆಗೆ ಆ ಗಾಡಿಯನ್ನು ಹಿಡಿದಿಟ್ಟುಕೊಳ್ಳುವ ಹಕ್ಕನ್ನು ಕರಾರು ಕಾಯ್ದೆಯ 170ನೇ ಕಲಂ ಕೊಟ್ಟಿದೆ. ಬೀಗ ಒಡೆದು ಗಾಡಿ ತಂದರೆ ಕೇಸು ಮಾಲೀಕನ ಮೇಲೇ ಆಗುತ್ತದೆ. ಆದರೆ ಅದೇ ಹಕ್ಕಿನ ಹೆಸರಲ್ಲಿ ಬೇರೊಂದು ಗಾಡಿಯ ಹಳೇ ಬಾಕಿಗೆ ಈ ಗಾಡಿಯನ್ನು ಹಿಡಿಯುವಂತಿಲ್ಲ. ರಿಪೇರಿ ಕೆಟ್ಟದಾಗಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಸಹಾಯವಾಣಿ 1915. ಜಿಎಸ್‌ಟಿ ಉಳಿಸಲು ಬಿಲ್ ಬೇಡವೆಂದವರು ಮಾತ್ರ ಆಯೋಗದ ಮುಂದೆ ಬರಿಗೈಯಲ್ಲಿ ನಿಲ್ಲುತ್ತಾರೆ.

ಇನ್ನು ಸಾರಿಗೆ ಕಚೇರಿ. ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷ ಆಯುಸ್ಸು. ಮಾರುತಿ 800, ಅಂಬಾಸಿಡರ್ ಎರಡರ ತಯಾರಿಕೆಯೂ ನಿಂತದ್ದು 2014ರಲ್ಲಿ. ರಸ್ತೆಯಲ್ಲಿರುವ ಬಹುಪಾಲು ಈಗಾಗಲೇ ಆ ಗಡಿ ದಾಟಿವೆ, ಉಳಿದವು ದಾಟಲಿವೆ. ಅವಧಿ ಮುಗಿಯಲು 60 ದಿನ ಇರುವಾಗಿನಿಂದ ಫಾರಂ 25ರಲ್ಲಿ ಅರ್ಜಿ ಹಾಕಬಹುದು. ಮೋಟಾರು ವಾಹನ ನಿರೀಕ್ಷಕರು ಗಾಡಿ ನೋಡಿ ಒಪ್ಪಿದರೆ ಐದು ವರ್ಷ ಸಿಗುತ್ತದೆ, ಆಮೇಲೆ ಮತ್ತೆ ಐದು. ಜನ ಇದನ್ನೇ ‘ಎಫ್‌ಸಿ ಮಾಡಿಸುವುದು’ ಎನ್ನುತ್ತಾರೆ. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ, ತಡವಾದ ಪ್ರತಿ ತಿಂಗಳಿಗೆ 500 ಹೆಚ್ಚುವರಿ. 2025ರ ಆಗಸ್ಟ್‌ನ ತಿದ್ದುಪಡಿ 20 ವರ್ಷ ದಾಟಿದ ಕಾರಿಗೆ ಶುಲ್ಕವನ್ನು 10,000ಕ್ಕೆ ಏರಿಸಿದೆ. ರಾಜ್ಯದ ಹಸಿರು ತೆರಿಗೆ ಬೇರೆ.

ಈ ಹಂತದಲ್ಲಿ ಬ್ರೋಕರುಗಳು ಎರಡು ಬಗೆಯ ಮಾತಾಡುತ್ತಾರೆ. ಒಂದು: ‘ಹದಿನೈದು ವರ್ಷ ಆಯ್ತು ಸಾರ್, ಇನ್ನು ಓಡಿಸೋ ಹಾಗಿಲ್ಲ, ಬಂದಷ್ಟಕ್ಕೆ ಕೊಟ್ಟುಬಿಡಿ.’ ವಯಸ್ಸೊಂದನ್ನೇ ನೋಡಿ ಗಾಡಿ ತಡೆಯುವ ಆ ಆದೇಶ ದೆಹಲಿ ಮತ್ತು ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದ್ದು. ಕರ್ನಾಟಕದಲ್ಲಿ ತಪಾಸಣೆಯಲ್ಲಿ ಪಾಸಾದ ಖಾಸಗಿ ಕಾರನ್ನು ನವೀಕರಿಸಿಕೊಂಡು ಓಡಿಸಬಹುದು. ಎರಡು: ‘ಗಾಡಿ ತರೋದೇ ಬೇಡ, ನಾವು ಮಾಡಿಸ್ತೀವಿ.’ ಗಾಡಿ ತೋರಿಸದೆ ಬಂದ ನವೀಕರಣದ ಮೇಲೆ ಅಪಘಾತದ ದಿನ ಪ್ರಶ್ನೆ ಎದ್ದರೆ ಉತ್ತರಿಸಲು ಆ ಬ್ರೋಕರ್ ಇರುವುದಿಲ್ಲ, ಕಣ್ಣುಮುಚ್ಚಿ ಸಹಿ ಹಾಕಿದ ನಿರೀಕ್ಷಕರಂತೂ ಇರುವುದೇ ಇಲ್ಲ. ನೋಂದಣಿ ತಪ್ಪಿದ ಗಾಡಿಯ ವಿಮೆಯೂ ಅನುಮಾನದ ಮೇಲೆಯೇ ನಿಂತಿರುತ್ತದೆ. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದಿದ್ದ ಒಂದು ವಾಹನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ, ಇದು ಪಾಲಿಸಿಯ ಮೂಲ ಷರತ್ತಿನ ಉಲ್ಲಂಘನೆ ಎಂದು ಮಾಲೀಕನ ಹಾನಿಗೆ ಪರಿಹಾರ ನಿರಾಕರಿಸಿತು.

ಇಷ್ಟೆಲ್ಲಕ್ಕಿಂತ ಹೆಚ್ಚು ಜನರನ್ನು ಮುಳುಗಿಸುವುದು ಮಾರಾಟ. ಪದೇಪದೇ ಕೆಡುವ ಗಾಡಿಯಿಂದ ಬಿಡುಗಡೆ ಸಿಕ್ಕರೆ ಸಾಕೆಂಬ ಸ್ಥಿತಿಯಲ್ಲಿ ಮಾಲೀಕ ನಲವತ್ತು ಸಾವಿರಕ್ಕೆ ಒಪ್ಪುತ್ತಾನೆ. ಬ್ರೋಕರ್ ಕಾರಿನ ಬಾನೆಟ್ ಮೇಲೆಯೇ ಫಾರಂ 29 ಮತ್ತು 30 ಹರಡಿ, ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಜಾಗಗಳಲ್ಲಿ ಸಹಿ ಮಾಡಿಸಿಕೊಳ್ಳುತ್ತಾನೆ. ಕೊಳ್ಳುವವನ ಹೆಸರು ಖಾಲಿ, ದಿನಾಂಕ ಖಾಲಿ. ಖಾಲಿ ಬಿಡುವುದರಲ್ಲಿ ಅವನಿಗೆ ಲಾಭವಿದೆ: ತನ್ನ ಹೆಸರಿಗೆ ಮಾಡಿಸಿಕೊಳ್ಳದೆ ಮುಂದಿನವನಿಗೆ, ಅವನು ಇನ್ನೊಬ್ಬನಿಗೆ ಮಾರಿದರೆ ಪ್ರತಿ ಬಾರಿಯ ವರ್ಗಾವಣೆ ಶುಲ್ಕ ಉಳಿಯುತ್ತದೆ. ಗಾಡಿ ಕೈ ಬದಲಿಸುತ್ತಲೇ ಇರುತ್ತದೆ, ಆರ್‌ಸಿ ಮಾತ್ರ ಮೊದಲಿನವನ ಹೆಸರಲ್ಲೇ.

ಮೋಟಾರು ವಾಹನ ಕಾಯ್ದೆಯ 2(30)ನೇ ಕಲಂ ಪ್ರಕಾರ ಯಾರ ಹೆಸರಲ್ಲಿ ನೋಂದಣಿ ಇದೆಯೋ ಅವನೇ ಮಾಲೀಕ. ಸಾಲ ಅಥವಾ ಗುತ್ತಿಗೆಯ ಕರಾರಿದ್ದಾಗ, ನೋಂದಾಯಿತ ವ್ಯಕ್ತಿ ಅಪ್ರಾಪ್ತನಾಗಿದ್ದಾಗ ಬೇರೆ ಲೆಕ್ಕ, ಇಲ್ಲದಿದ್ದರೆ ಇದೇ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಕಾರು 2007ರಲ್ಲೇ ಮಾರಾಟವಾಗಿ ಕೈಯಿಂದ ಕೈಗೆ ಹೋಗಿತ್ತು. 2009ರಲ್ಲಿ ಅಪಘಾತವಾಗಿ ಒಂದು ಜೀವ ಹೋಯಿತು. ಗಾಡಿಗೆ ವಿಮೆ ಇರಲಿಲ್ಲ. ಹೈಕೋರ್ಟು ನೋಂದಾಯಿತ ಮಾಲೀಕನನ್ನು ಬಿಟ್ಟಿತ್ತು. 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಹೊಣೆಯನ್ನು ನೋಂದಾಯಿತ ಮಾಲೀಕನ ಮೇಲೆಯೇ ಹೊರಿಸಿತು. ಗಾಯಗೊಂಡವರು, ಸತ್ತವರ ಮನೆಯವರು ಯಾರಿಂದ ಯಾರಿಗೆ ಮಾರಾಟವಾಯಿತೆಂದು ಹುಡುಕಿಕೊಂಡು ಅಲೆಯುವಂತಾಗಬಾರದು ಎಂಬುದು ನ್ಯಾಯಾಲಯದ ನಿಲುವು. ಅದು ನ್ಯಾಯವೇ. ಆದರೆ ಎಂದೋ ಮಾರಿ ಮರೆತ ಕಾರಿಗೆ ಲಕ್ಷಾಂತರ ರೂಪಾಯಿ ಪರಿಹಾರದ ನೋಟಿಸು ಹಿಡಿದು ನಿಲ್ಲುವ ನಿವೃತ್ತ ಮೇಷ್ಟರಿಗೆ ಅದನ್ನು ವಿವರಿಸುವುದು ಸುಲಭವಲ್ಲ. ಕೊಟ್ಟ ಹಣವನ್ನು ಕೊಂಡವನಿಂದ ವಸೂಲಿ ಮಾಡುವ ದಾರಿ ಮುಚ್ಚಿಲ್ಲ. ಕೊಂಡವನ ಹೆಸರು, ವಿಳಾಸ ಗೊತ್ತಿದ್ದರೆ.

ವಿಮೆ ಇದ್ದಿದ್ದರೆ? ಮಾರಾಟದೊಂದಿಗೆ ವಿಮೆಯೂ ಕೊಂಡವನಿಗೆ ವರ್ಗವಾದಂತೆಯೇ ಎಂದು 157ನೇ ಕಲಂ ಹೇಳುತ್ತದೆ; ಕೊಂಡವನು 14 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಈ ರಕ್ಷಣೆ ಮೂರನೆಯವರಿಗಾದ ಹಾನಿಗೆ ಮಾತ್ರ. ಕಾರಿನ ಸ್ವಂತ ಹಾನಿಗೆ, ಹೆಸರು ಬದಲಾಗದೆ ಕಂಪನಿ ಹಣ ಕೊಡುವುದಿಲ್ಲ. ಪಾಲಿಸಿ ಮುಗಿದ ದಿನ ಮೊದಲ ರಕ್ಷಣೆಯೂ ಮುಗಿಯುತ್ತದೆ, ಹಳೇ ಕಾರು ಕೊಂಡವರಲ್ಲಿ ನವೀಕರಿಸುವವರು ವಿರಳ.

ಹಾಗಾದರೆ ಮಾಡಬೇಕಾದ್ದೇನು? ಮಾರಿದವನು 14 ದಿನದೊಳಗೆ (ಕೊಂಡವನು ಬೇರೆ ರಾಜ್ಯದವನಾದರೆ 45 ದಿನ) ಫಾರಂ 29ರಲ್ಲಿ ನೋಂದಣಿ ಪ್ರಾಧಿಕಾರಕ್ಕೆ ತಾನೇ ವರದಿ ಕೊಡಬೇಕು, ಕೊಂಡವನು 30 ದಿನದೊಳಗೆ ಫಾರಂ 30ರ ಕೆಲಸ ಮುಗಿಸಬೇಕು. ಇದು 50ನೇ ಕಲಮಿನ ವ್ಯವಸ್ಥೆ. ಫಾರಂ 29 ಮಾರಿದವನ ಕೆಲಸ, ಬ್ರೋಕರನದ್ದಲ್ಲ. ಕೊಂಡವನ ಹೆಸರು, ವಿಳಾಸ, ಬೆಲೆ, ದಿನಾಂಕ ತುಂಬದ ಫಾರಂಗೆ ಸಹಿ ಹಾಕಲೇಬಾರದು. ಕೌಂಟರಿನಲ್ಲಿ ‘ಪಾರ್ಟಿ ಇಬ್ಬರೂ ಬರಬೇಕು’ ಎಂದು ವಾಪಸು ಕಳಿಸಿದರೆ ಫಾರಂ 29ನ್ನು ಸ್ವೀಕೃತಿ ಸಿಗುವ ಅಂಚೆಯಲ್ಲಿ ಕಳಿಸಿ ರಸೀದಿ ಜೋಪಾನ ಮಾಡಬೇಕು. ಎರಡು ಊರಿನ ವ್ಯವಹಾರವಾದರೆ ಎರಡೂ ಕಡೆಯ ಪ್ರಾಧಿಕಾರಕ್ಕೆ ಹೋಗಬೇಕು.

ಕೀ ಕೊಡುವ ದಿನ ಡೆಲಿವರಿ ನೋಟ್ ಬರೆಸಬೇಕು: ತಾರೀಖು, ಗಂಟೆ, ಮೀಟರಿನ ಕಿಲೋಮೀಟರು, ಕೊಂಡವನ ಗುರುತಿನ ಚೀಟಿಯ ಪ್ರತಿ. ಗಂಟೆ ಬರೆಯುವುದನ್ನು ನಗೆಯಾಡುವವರುಂಟು. ಅದೇ ಸಂಜೆಯ ಇ-ಚಲನ್ ಯಾರದೆಂದು ಹೇಳುವುದು ಅದೊಂದೇ. ಹಣ ಬ್ಯಾಂಕಿನ ಮೂಲಕ ಬಂದರೆ ಸಾಕ್ಷ್ಯವೂ ಆಯಿತು.

ಇಷ್ಟು ಮಾಡಿದರೂ ಒಂದು ಎಚ್ಚರಿಕೆ ಉಳಿಯುತ್ತದೆ. ಫಾರಂ 29 ಕೊಟ್ಟ ಮಾತ್ರಕ್ಕೆ ಆರ್‌ಸಿಯ ಹೆಸರು ಬದಲಾಗುವುದಿಲ್ಲ, ಹೆಸರು ಬದಲಾಗುವವರೆಗೆ ಅಪಘಾತದ ಹೊಣೆಯಿಂದ ಖಚಿತ ಬಿಡುಗಡೆಯೂ ಇಲ್ಲ. ಆದ್ದರಿಂದ ತಿಂಗಳ ನಂತರ ಪರಿವಾಹನ್ ಜಾಲತಾಣದಲ್ಲೋ ಎಂಪರಿವಾಹನ್ ಆ್ಯಪಿನಲ್ಲೋ ಗಾಡಿಯ ಸಂಖ್ಯೆ ಹಾಕಿ ನೋಡಬೇಕು. ಬದಲಾಗಿಲ್ಲದಿದ್ದರೆ ಕೊಂಡವನಿಗೆ ಲಿಖಿತ ನೋಟಿಸು, ನೋಂದಣಿ ಪ್ರಾಧಿಕಾರಕ್ಕೆ ಪ್ರತಿ, ಅವನು ಸಿಗದಿದ್ದರೆ ಪೊಲೀಸ್ ಠಾಣೆಗೆ ದೂರು. ಹೆಸರು ಬದಲಾಗುವ ತನಕ ಒಂದಿಷ್ಟು ಹಣವನ್ನೋ ಎರಡನೇ ಕೀಯನ್ನೋ ತಡೆಹಿಡಿಯುವ ಜಾಣರಿದ್ದಾರೆ. ಕೀ ತಡೆದರೆ ಜಗಳ, ಹಣ ತಡೆದರೆ ಕೆಲಸ.

ವರ್ಗಾವಣೆ ನಿಲ್ಲುವ ಇನ್ನೊಂದು ಕಾರಣ, ಎಂದೋ ತೀರಿದ ಸಾಲ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿರುತ್ತದೆ. ಅದನ್ನು ತೆಗೆಸಲು ಫಾರಂ 35 ಮತ್ತು ಬ್ಯಾಂಕಿನ ಪತ್ರ ಬೇಕು. ಆ ಬ್ಯಾಂಕೇ ಈಗ ಇಲ್ಲದಿರಬಹುದು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದೊಂದಿಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕ್‌ನೊಂದಿಗೆ ವಿಲೀನವಾದವು. ಪತ್ರ ಕೊಡಬೇಕಾದ್ದು ಈಗಿನ ಬ್ಯಾಂಕು. ಮೂಲ ಶಾಖೆ ಇಲ್ಲವೆಂದು ಓಡಿಸಿದರೆ ಲಿಖಿತವಾಗಿ ಕೇಳಬೇಕು, ಬಾಯಿಮಾತಿನ ನಿರಾಕರಣೆಯನ್ನು ಯಾರ ಮುಂದೆಯೂ ಪ್ರಶ್ನಿಸಲಾಗದು.

ಕಾರನ್ನು ಡೀಲರ್‌ಗೆ ಕೊಡುವವರಿಗೆ 2023ರ ಏಪ್ರಿಲ್ 1ರಿಂದ ಒಂದು ಅನುಕೂಲ ಬಂದಿದೆ. ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆದ ಡೀಲರ್‌ಗೆ ಗಾಡಿ ಒಪ್ಪಿಸಿ ಫಾರಂ 29ಸಿ ಮೂಲಕ ಪೋರ್ಟಲ್‌ನಲ್ಲಿ ತಿಳಿಸಿದರೆ, ಅಲ್ಲಿಂದ ಮುಂದೆ ಆ ಡೀಲರನನ್ನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ. ಅಧಿಕಾರ ಪತ್ರ ಗೋಡೆಯ ಮೇಲಿದೆಯೇ ಎಂದು ನೋಡಬೇಕು. ರಸ್ತೆ ಬದಿಯ ಬ್ರೋಕರ್‌ಗೆ ಅದು ಇರುವುದಿಲ್ಲ, ಇದೆ ಎಂದು ಹೇಳುವುದರಲ್ಲಿ ಅವನಿಗೆ ಸಂಕೋಚವೂ ಇರುವುದಿಲ್ಲ.

ಮಾರಲು ಮನಸ್ಸಾಗದ ಕಾರುಗಳೂ ಇವೆ. ತಂದೆ ತೀರಿಕೊಂಡ ಮೇಲೆ ಅವರ ಪ್ರೀಮಿಯರ್ ಪದ್ಮಿನಿಯನ್ನು ಮಗ ಭಾನುವಾರ ಓಡಿಸುತ್ತಾನೆ. ಆರ್‌ಸಿ, ಪಾಲಿಸಿ ಎರಡೂ ತಂದೆಯ ಹೆಸರಲ್ಲಿ. ಮರಣದ 30 ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಹಾಕಬೇಕು. ಮರಣ ಪತ್ರ, ಇತರ ವಾರಸುದಾರರ ಒಪ್ಪಿಗೆ ಬೇಕು. ವಿಮೆಯೂ ಸಾಮಾನ್ಯವಾಗಿ ಮೂರು ತಿಂಗಳು ಅಥವಾ ಪಾಲಿಸಿ ಮುಗಿಯುವ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ. ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000, ಫಲಕದಲ್ಲಿ ‘ವಿಎ’ ಅಕ್ಷರಗಳು. ಆದರೆ ಅದರಲ್ಲಿ ದಿನಾ ಆಫೀಸಿಗೆ ಹೋಗುವಂತಿಲ್ಲ.

ಕೊನೆಗೆ ಗುಜರಿ. ಗಾಡಿ ಮತ್ತೆ ಬಳಸಲಾಗದಷ್ಟು ಹಾಳಾದರೆ 55ನೇ ಕಲಂ ಪ್ರಕಾರ 14 ದಿನದೊಳಗೆ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಓಣಿಯ ಗುಜರಿ ಅಂಗಡಿಗೆ ತೂಕಕ್ಕೆ ಕೊಟ್ಟರೆ ಗಾಡಿ ಹೋಗುತ್ತದೆ, ನೋಂದಣಿ ಉಳಿಯುತ್ತದೆ. ಆ ನಂಬರ್ ಪ್ಲೇಟು, ಚಾಸಿ ಸಂಖ್ಯೆ ಕದ್ದ ಗಾಡಿಯೊಂದಕ್ಕೆ ಅಂಟಿಕೊಂಡರೆ ಪೊಲೀಸರು ಮೊದಲು ಬರುವುದು ನೋಂದಾಯಿತ ವಿಳಾಸಕ್ಕೆ. 2021ರ ನಿಯಮಗಳಡಿ ನೋಂದಾಯಿತವಾದ ಗುಜರಿ ಕೇಂದ್ರಕ್ಕೆ ಕೊಟ್ಟರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿ ಹೊಸ ಗಾಡಿ ಕೊಂಡರೆ ನೋಂದಣಿ ಶುಲ್ಕವಿಲ್ಲ. ಖಾಸಗಿ ವಾಹನದ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿಗೂ ಕೇಂದ್ರದ ನಿಯಮ ಅವಕಾಶ ಕೊಟ್ಟಿದೆ, ಎಷ್ಟೆಂಬುದು ರಾಜ್ಯದ ಆದೇಶದ ಮೇಲೆ. ಸಾಲದ ನಮೂದು ಉಳಿದ, ಪೊಲೀಸ್ ಪ್ರಕರಣದಲ್ಲಿ ಸಿಕ್ಕ ಗಾಡಿಯನ್ನು ಕೇಂದ್ರ ತೆಗೆದುಕೊಳ್ಳುವುದಿಲ್ಲ; ಅದನ್ನು ಮೊದಲು ಬಿಡಿಸಿಕೊಳ್ಳಬೇಕು. ಪ್ರಮಾಣಪತ್ರ ಕೈಗೆ ಬಂದ ಮೇಲೂ ಪೋರ್ಟಲ್‌ನಲ್ಲಿ ನೋಂದಣಿ ರದ್ದಾಗಿದೆಯೇ ಎಂದು ನೋಡಿ, ಆಗಿಲ್ಲದಿದ್ದರೆ ಅದರ ಪ್ರತಿ ಲಗತ್ತಿಸಿ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು.