18 ತುಂಬದವರು ಆಸ್ಪತ್ರೆಗೆ ಬಂದಾಗ: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಖಾಸಗಿ ಕ್ಲಿನಿಕ್, ನರ್ಸಿಂಗ್ ಹೋಂ, ಸ್ಕ್ಯಾನಿಂಗ್ ಸೆಂಟರ್‌ಗಳ ವೈದ್ಯರಿಗೆ, ನರ್ಸ್‌ಗಳಿಗೆ, ಕೌಂಟರಿನಲ್ಲಿ ಚೀಟಿ ಬರೆಯುವವರಿಗೆ. ಕೊನೆಯ ಭಾಗ ಕಾನೂನು ತಿದ್ದುವ ಅಧಿಕಾರ ಇರುವವರಿಗೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವೋ 18 ತುಂಬದ ಬಸುರಿ ಹುಡುಗಿಯೋ ಬಂದಾಗ ನಿಮ್ಮ ಮೇಲೆ ಎರಡು ಹೊಣೆ ಬೀಳುತ್ತವೆ: ಚಿಕಿತ್ಸೆ ಕೊಡುವುದು, ಪೊಲೀಸರಿಗೆ ತಿಳಿಸುವುದು. ಒಂದನ್ನು ಮಾಡಿದೆವೆಂದು ಇನ್ನೊಂದನ್ನು ಬಿಡುವಂತಿಲ್ಲ.

ಮಾಡಬೇಕಾದ್ದು

ಮೊದಲು ಚಿಕಿತ್ಸೆ ಕೊಡಿ. ತುರ್ತು ಚಿಕಿತ್ಸೆಗೆ ಪೊಲೀಸರ ಪತ್ರ, ಮ್ಯಾಜಿಸ್ಟ್ರೇಟರ ಆದೇಶ ಯಾವುದನ್ನೂ ಕೇಳಬಾರದೆಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. ಅತ್ಯಾಚಾರಕ್ಕೆ, ಪೋಕ್ಸೊ ಅಪರಾಧಗಳಿಗೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮು. ಕೊಡದಿದ್ದರೆ ಆಸ್ಪತ್ರೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಜೈಲು ಆಗಬಹುದು. ಅಡ್ವಾನ್ಸ್ ಕಟ್ಟಿ ಎಂಬ ಮಾತು ಕೌಂಟರಿನಲ್ಲಿ ಕೇಳಿಸಲೇಕೂಡದು.

ತಡಮಾಡದೆ ಠಾಣೆಗೆ ತಿಳಿಸಿ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಅಪರಾಧದ ವಿಷಯ ಗೊತ್ತಾದ ಯಾರೇ ಆದರೂ ಸ್ಥಳೀಯ ಠಾಣೆಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು, ದಂಡ, ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ 1 ವರ್ಷದವರೆಗೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ನಿಲ್ಲುವುದಿಲ್ಲ ಎಂಬ ರಕ್ಷಣೆಯೂ ಅದೇ ಕಲಮಿನಲ್ಲಿದೆ. ಠಾಣೆಯವರು ಮಾಹಿತಿಯನ್ನು ಬರೆದು, ನಂಬರು ಹಾಕಿ, ನಿಮಗೆ ಓದಿ ಹೇಳಬೇಕು. ಆ ನಂಬರನ್ನು, ತಿಳಿಸಿದ ಸಮಯವನ್ನು ಕೇಸ್ ಶೀಟಿನಲ್ಲಿ ಬರೆದಿಡಿ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಕೊಡುವುದು ಪೊಲೀಸರ ಕೆಲಸ. ಆಯಿತೇ ಎಂದು ವಿಚಾರಿಸಿ.

ಫೋನ್ ಎತ್ತುವ ಮೊದಲು ಆ ಹುಡುಗಿಗೆ ಹೇಳಿ. "ನಾನು ಠಾಣೆಗೆ ತಿಳಿಸಲೇಬೇಕಮ್ಮ, ಆದರೆ ನಿನ್ನ ಚಿಕಿತ್ಸೆ ನಿಲ್ಲೋದಿಲ್ಲ, ನಿನ್ನ ಹೆಸರು ಹೊರಗೆ ಹೋಗೋದಿಲ್ಲ" ಎನ್ನುವಷ್ಟು ವ್ಯವಧಾನ ಎಲ್ಲರಿಗೂ ಇರಬೇಕು. ವೈದ್ಯರಲ್ಲದೆ ಬೇರೆ ಯಾರೂ ಅವಳಿಗೆ ಇದನ್ನು ನೇರವಾಗಿ ಹೇಳದೆ ಹೋಗಬಹುದು. ಹುಡುಗಿಯ ತಪಾಸಣೆಯನ್ನು ಮಹಿಳಾ ವೈದ್ಯರೇ ಮಾಡಲಿ, ಅವಳು ನಂಬುವವರು ಜೊತೆಗಿರಲಿ.

ಗರ್ಭಪಾತಕ್ಕೆ ಬಂದ ಪ್ರಕರಣವಾದರೆ 2022ರ ಸೆಪ್ಟೆಂಬರ್ 29ರ ಸುಪ್ರೀಂ ಕೋರ್ಟ್ ತೀರ್ಪನ್ನು ನೆನಪಿಡಿ. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಾಗಿಲ್ಲ. ಇದು ಇಂದೇ ಬಳಸಬಹುದಾದ ಹಕ್ಕು. ತೀರ್ಪಿನ ಪ್ರತಿಯನ್ನು ಲೇಬರ್ ರೂಮಿನ ಫೈಲಿನಲ್ಲಿಡಿ.

ಮಾಡಬಾರದ್ದು

"ಇದು ಪೊಲೀಸ್ ಕೇಸು, ದೊಡ್ಡಾಸ್ಪತ್ರೆಗೆ ಹೋಗಿ" ಎಂದು ಬಾಗಿಲಿನಿಂದಲೇ ಕಳಿಸಬೇಡಿ.

ಮದುವೆ ಆಗಿದೆಯಲ್ಲ ಎಂದು ಸುಮ್ಮನಾಗಬೇಡಿ. 18 ತುಂಬದ ಹೆಂಡತಿಯೊಡನೆ ಗಂಡ ನಡೆಸುವ ಸಂಭೋಗವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ತಾಯಿ ಕಾರ್ಡಿನಲ್ಲಿ ವಯಸ್ಸು 19 ಎಂದು ತಿದ್ದಿ ಉಪಕಾರ ಮಾಡಿದೆವೆಂದು ತಿಳಿಯಬೇಡಿ.

ಎರಡು ಬೆರಳಿನ ಪರೀಕ್ಷೆ ಮಾಡಲೇಬೇಡಿ. ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ.

ನಿಜವೋ ಸುಳ್ಳೋ ಎಂದು ನೀವೇ ವಿಚಾರಣೆಗೆ ಕೂರಬೇಡಿ. ಊರ ಹಿರಿಯರ ರಾಜಿ ಪಂಚಾಯ್ತಿಗೆ ಆಸ್ಪತ್ರೆಯ ಕೋಣೆ ಕೊಡಬೇಡಿ. ಸ್ಕ್ಯಾನ್ ರಿಪೋರ್ಟಿನ ಫೋಟೋ ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಕಾನೂನು ತಿದ್ದುವವರಿಗೆ

ತಿಳಿಸುವ ಕರ್ತವ್ಯವನ್ನು ತೆಗೆದುಹಾಕಬೇಡಿ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಹಾಸ್ಟೆಲೊಂದರಲ್ಲಿ ಆದಿವಾಸಿ ಹುಡುಗಿಯರ ಮೇಲೆ ದೌರ್ಜನ್ಯ ನಡೆಯಿತು. ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರು ಗೊತ್ತಿದ್ದೂ ತಿಳಿಸಲಿಲ್ಲ ಎಂಬುದು ಆರೋಪ. ಹೈಕೋರ್ಟ್ ಕೇಸು ರದ್ದು ಮಾಡಿತ್ತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ ಎಂದಿತು. ಹಾಸ್ಟೆಲಿನ ಮಗುವಿಗೆ ಹೊರಗಿನಿಂದ ಬರುವ ವೈದ್ಯರನ್ನು ಬಿಟ್ಟರೆ ದೂರು ಹೇಳಿಕೊಳ್ಳಲು ಯಾರಿದ್ದಾರೆ?

ಆದರೆ ಎಲ್ಲ ಹುಡುಗಿಯರನ್ನೂ ಒಂದೇ ಕಲಮಿನ ಕೆಳಗೆ ಹೀಗೇ ನಿಲ್ಲಿಸಬೇಡಿ. 17ರ ಹುಡುಗಿ, ಅವಳಿಗೆ ಇಷ್ಟವಾದ 18ರ ಹುಡುಗ. ಆಸ್ಪತ್ರೆಗೆ ಹೋದರೆ ಅವನು ಜೈಲಿಗೆ ಹೋಗುತ್ತಾನೆಂದು ಗೊತ್ತಾದರೆ ಅವಳು ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಾಳೆ, ಇಲ್ಲವೇ ನಕಲಿ ವೈದ್ಯನ ಬಳಿ ಹೋಗುತ್ತಾಳೆ. ಇಂಥ ಪ್ರಕರಣಗಳನ್ನು ನೋಡಿಯೇ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಸಮ್ಮತಿಯ ವಯಸ್ಸನ್ನು ಮರುಪರಿಶೀಲಿಸಲು ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರ ತನ್ನ 283ನೇ ವರದಿಯಲ್ಲಿ 18 ಅನ್ನೇ ಉಳಿಸಿ, 16ರಿಂದ 18ರ ನಡುವಿನ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯದಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಕೊಡಿ ಎಂದಿತು. ಅದು ಸಾಲದು. ನ್ಯಾಯಾಧೀಶರ ವಿವೇಚನೆ ಕೇಸಿನ ಕೊನೆಯಲ್ಲಿ ಬರುವಂಥದು. ಹುಡುಗಿ ಆಸ್ಪತ್ರೆಗೆ ಹೆದರುವುದು ಮೊದಲ ದಿನವೇ.

ಹಾಗಾಗಿ ಮೊದಲು ಇದನ್ನು ಮಾಡಿ: ಹೆಸರು ಹೇಳದೆ ಮಾಹಿತಿ ಕೊಡುವ ಅವಕಾಶವನ್ನು ತೀರ್ಪಿನಿಂದ ಕಾಯ್ದೆಯೊಳಕ್ಕೇ ತನ್ನಿ. ಆ ತೀರ್ಪು ಬಂದದ್ದು ಗರ್ಭಪಾತದ ಪ್ರಕರಣದಲ್ಲಿ. ಮಗುವನ್ನು ಹೆರುತ್ತೇನೆ ಎನ್ನುವವಳಿಗೆ, ರಕ್ತಸ್ರಾವಕ್ಕೆ ಔಷಧಿ ಕೇಳಿ ಬಂದವಳಿಗೆ ಅದರ ಆಸರೆ ಇಲ್ಲ. ತಿಂಗಳ ತಪಾಸಣೆಗೂ ಹೆರಿಗೆಗೂ ಅದನ್ನು ಚಾಚಿ. ಬಲವಂತ ನಡೆದಿದ್ದರೆ, ಆರೋಪಿ ಅವಳ ಮನೆಯವನೋ ಶಿಕ್ಷಕನೋ ವಾರ್ಡನ್ನೋ ಆಗಿದ್ದರೆ ಪೂರ್ಣ ಮಾಹಿತಿ ಕಡ್ಡಾಯವಾಗಿಯೇ ಇರಲಿ.

ಎರಡನೆಯದು ರಾಜ್ಯದ ಕೈಯಲ್ಲೇ ಇದೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರದಲ್ಲಿ ಪ್ರತಿ ಕ್ಲಿನಿಕ್ಕೂ ನೋಂದಣಿ ಮಾಡಿಸಬೇಕು. ನವೀಕರಣಕ್ಕೆ ಬಂದಾಗ ಕಟ್ಟಡದ ಅಳತೆಯಷ್ಟೇ ಮುಖ್ಯವಾಗಿ ಇದನ್ನೂ ಕೇಳಿ: ಮಗು ಬಂದರೆ ಇಲ್ಲಿ ಯಾರು ನೋಡುತ್ತಾರೆ, ಯಾರು ಠಾಣೆಗೆ ತಿಳಿಸುತ್ತಾರೆ, ಮಹಿಳಾ ವೈದ್ಯರು ಇಲ್ಲದ ರಾತ್ರಿ ಏನು ಮಾಡುತ್ತೀರಿ? ಉತ್ತರ ಕನ್ನಡದಲ್ಲಿ ಬರೆದು, ನರ್ಸ್‌ಗಳ ಕೋಣೆಯ ಗೋಡೆಯ ಮೇಲಿರಬೇಕು. ಇಲ್ಲದಿದ್ದರೆ ನವೀಕರಣ ಕೊಡಬೇಡಿ.