ಸರ್, ಪಗಾರ ಎಷ್ಟದ?

ಕಲಬುರಗಿಯಿಂದ ಆಳಂದಕ್ಕೆ ಹೋಗುವ ರಸ್ತೆಯಲ್ಲಿ ಕಡಗಂಚಿ ಸಿಗುತ್ತದೆ. 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಅಲ್ಲೇ. ಅಲ್ಲಿ ಎಂಬಿಎ ಪಾಠಕ್ಕೆ ಕಾಯಂ ಆಗಿ ಸೇರುವ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ 57,700 ರೂಪಾಯಿಯಿಂದ ಶುರುವಾಗುತ್ತದೆ. 2025ರ ಜನವರಿಯ ಶೇ 55 ತುಟ್ಟಿಭತ್ಯೆ ಸೇರಿಸಿದರೆ 89,435. ಮನೆ ಬಾಡಿಗೆ ಭತ್ಯೆ ಬೇರೆ. ಅದೇ ರಸ್ತೆಯಲ್ಲಿ ಮುಂದೆ ಆಳಂದದ ಸರ್ಕಾರಿ ಪದವಿ ಕಾಲೇಜಿಗೆ ಅತಿಥಿ ಉಪನ್ಯಾಸಕರಾಗಿ ಸೇರಿದರೆ ಗೌರವಧನ ಇದರ ಅರ್ಧವನ್ನೂ ಮುಟ್ಟುವುದಿಲ್ಲ. ತಾಲೂಕು ಒಂದೇ, ಎಷ್ಟೋ ಸಲ ಓದಿದ ಡಿಗ್ರಿಯೂ ಒಂದೇ.

ಎಂ.ಕಾಂ. ಮುಗಿಸಿದ ಮೇಲೆ ನಾನೂ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಗೆಸ್ಟ್ ಆಗಿ ಪಾಠ ಮಾಡಿದವನು. ಆ ದಿನಗಳಲ್ಲಿ ಹಣ ತಿಂಗಳಿಗೆ ಸರಿಯಾಗಿ ಬರುತ್ತಿರಲಿಲ್ಲ. ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುತ್ತಿತ್ತು. ಬಂದ ದಿನವೇ ಅರ್ಧ ಕಿರಾಣಿ ಅಂಗಡಿಯ ಉದ್ರಿಗೆ, ಉಳಿದದ್ದರಲ್ಲಿ ಮುಕ್ಕಾಲು ಕೈಗಡಕ್ಕೆ ಹೋಗುತ್ತಿತ್ತು. ಈಗ ನನ್ನ ಹಳೆಯ ವಿದ್ಯಾರ್ಥಿಗಳು ಅದೇ ದಾರಿಗೆ ಬಂದಿದ್ದಾರೆ. ಫೋನ್ ಮಾಡಿ ಮೊದಲು ಕೇಳುವುದು, ‘ಸರ್, ಅಲ್ಲಿ ಪಗಾರ ಎಷ್ಟದ?’ ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಇದೆ, ‘ಹುದ್ದೆ ಯಾವುದದ?’

ಎಲ್ಲ ಕಡೆ ಪಗಾರ ಹುದ್ದೆಯ ಮೇಲಷ್ಟೇ ನಿಲ್ಲುವುದಿಲ್ಲ. ಅಮೆರಿಕದ ಬಿಸಿನೆಸ್ ಸ್ಕೂಲುಗಳಲ್ಲಿ ಹೊಸ ಪ್ರಾಧ್ಯಾಪಕರ ಸಂಬಳ ವಿಷಯದ ಮೇಲೆ ನಿಂತಿದೆ. ಅಕೌಂಟಿಂಗ್, ಫೈನಾನ್ಸ್‌ನಲ್ಲಿ ಪಿಎಚ್‌ಡಿ ಮಾಡಿದವರು ಕಡಿಮೆ, ಕಂಪನಿಗಳು ಅವರನ್ನು ಹೆಚ್ಚು ಕೊಟ್ಟು ಎಳೆದುಕೊಳ್ಳುತ್ತವೆ. ಹಾಗಾಗಿ ವಿಶ್ವವಿದ್ಯಾಲಯಗಳೂ ಅವರಿಗೆ ಇತಿಹಾಸ, ಸಾಹಿತ್ಯದವರಿಗಿಂತ ಬಹಳ ಹೆಚ್ಚು ಕೊಡುತ್ತವೆ. ನಮ್ಮ ಸರ್ಕಾರಿ ವೇತನ ಶ್ರೇಣಿಯಲ್ಲಿ ಆ ಭೇದವಿಲ್ಲ. ವಾಣಿಜ್ಯದವರಿಗೂ ಕನ್ನಡದವರಿಗೂ ಒಂದೇ 57,700. ಇದು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಸಂಸ್ಥೆ ಬದಲಾದರೆ ಅಂಕಿ ಬದಲಾಗುತ್ತದೆ ನಿಜ: ಐಐಎಂಗಳಲ್ಲಿ ಮೊದಲ ದರ್ಜೆಯ ಸಹಾಯಕ ಪ್ರಾಧ್ಯಾಪಕರ ಮೂಲ ವೇತನವೇ 1,01,500ರಿಂದ ಶುರು. ಆದರೆ ನಮ್ಮ ಮಕ್ಕಳ ಮುಂದಿರುವ ದೊಡ್ಡ ಕಂದಕ ಕಾಯಂ ಮತ್ತು ಗೆಸ್ಟ್ ನಡುವಿನದು.

ಗೆಸ್ಟ್ ಲೆಕ್ಕ ಹೀಗಿದೆ. 2022ರ ಜನವರಿಯವರೆಗೆ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಯುಜಿಸಿ ಅರ್ಹತೆ ಇದ್ದವರಿಗೆ 13 ಸಾವಿರ, ಇಲ್ಲದವರಿಗೆ 11 ಸಾವಿರ ಇತ್ತು. ದೊಡ್ಡ ಹೋರಾಟದ ಮೇಲೆ ವಾರಕ್ಕೆ 15 ತಾಸಿನ ಕಾರ್ಯಭಾರಕ್ಕೆ 26 ಸಾವಿರದಿಂದ 32 ಸಾವಿರದವರೆಗೆ ಏರಿತು. 2024ರ ಜನವರಿಯಲ್ಲಿ ಸೇವಾವಧಿ ನೋಡಿ ಇನ್ನೂ 5ರಿಂದ 8 ಸಾವಿರ ಸೇರಿತು. ಎರಡನ್ನೂ ಕೂಡಿಸಿದರೆ ಹೊಸಬರಿಗೆ ನೆಟ್, ಕೆಸೆಟ್ ಅಥವಾ ಪಿಎಚ್‌ಡಿ ಇದ್ದರೆ 35 ಸಾವಿರ, ಇಲ್ಲದಿದ್ದರೆ 31 ಸಾವಿರ ಆಯಿತು. ಇದನ್ನು ಹನ್ನೆರಡು ತಿಂಗಳ ಪಗಾರ ಎಂದು ತಿಳಿಯಬೇಡಿ. ಕೆಲಸ ಹತ್ತು ತಿಂಗಳದ್ದಾದರೆ 31 ಸಾವಿರ ಎಂದರೆ ತಿಂಗಳಿಗೆ 25,833 ಮಾತ್ರ. ತೊಗರಿ ಮಾರಿದ ದುಡ್ಡನ್ನು ನಮ್ಮ ರೈತರು ಮುಂದಿನ ರಾಶಿಯವರೆಗೆ ಹಂಚಿಕೊಳ್ಳುವಂತೆ ಇದನ್ನೂ ಹಂಚಿಕೊಳ್ಳಬೇಕು. ಎರಡು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಳ್ಳುವ ಮುಂಚೆ ಬೈಕಿನ ಇಎಂಐಗೆ ಸಹಿ ಹಾಕಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಕೈಗೆ ಬಾರದ ಹಣದಲ್ಲಿ ಅಂತರ ಇನ್ನೂ ದೊಡ್ಡದು. ಎನ್‌ಪಿಎಸ್ ಪಿಂಚಣಿ ಯೋಜನೆಯಲ್ಲಿರುವ ಕಾಯಂ ಪ್ರಾಧ್ಯಾಪಕರ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ ಸರ್ಕಾರ ಶೇ 14 ಹಾಕುತ್ತದೆ. 89,435ಕ್ಕೆ ಅದು ತಿಂಗಳಿಗೆ ಸುಮಾರು 12,500 ರೂಪಾಯಿ. ಅರ್ಹತೆ ಇಲ್ಲದ ಗೆಸ್ಟ್‌ಗೆ 2022ಕ್ಕೆ ಮೊದಲು ಸಿಗುತ್ತಿದ್ದ ಇಡೀ ಗೌರವಧನಕ್ಕಿಂತ ಹೆಚ್ಚು! ಹಾಗಾಗಿ ಗೆಸ್ಟ್ ಆದವರು ತಮ್ಮ ಮುಪ್ಪಿನ ಹಣವನ್ನು ತಾವೇ ಕೂಡಿಡಬೇಕು. ಪಿಪಿಎಫ್ ಖಾತೆಗೆ ವರ್ಷಕ್ಕೆ 500 ರೂಪಾಯಿ ಕಟ್ಟಿದರೂ ಅದು ಜೀವಂತವಾಗಿರುತ್ತದೆ, ಅನುಕೂಲವಾದ ವರ್ಷ ಒಂದೂವರೆ ಲಕ್ಷದವರೆಗೆ ಕಟ್ಟಬಹುದು.

ಖಾಸಗಿ ಎಂಬಿಎ, ಬಿಬಿಎ ಕಾಲೇಜುಗಳ ಮಾತು ಬೇರೆ. ಅಲ್ಲಿ ಮಾತುಕತೆಗೆ ಜಾಗವಿದೆ, ಆದರೆ ‘ಸಿಟಿಸಿ’ ಅಂಕಿ ನೋಡಿ ಖುಷಿಪಡಬೇಡಿ. ಕಾಲೇಜು ಕಟ್ಟುವ ಪಿಎಫ್, ಸಾಮಾನ್ಯವಾಗಿ ಐದು ವರ್ಷ ದುಡಿದ ಮೇಲೆ ಸಿಗುವ ಗ್ರಾಚ್ಯುಟಿ ಎಲ್ಲ ಅದರೊಳಗೇ ಇರುತ್ತವೆ. ನನ್ನ ಒಬ್ಬ ವಿದ್ಯಾರ್ಥಿನಿಗೆ ಬೆಂಗಳೂರಿನ ಕಾಲೇಜೊಂದು ಜೇವರ್ಗಿಯ ಗೆಸ್ಟ್ ಹುದ್ದೆಗಿಂತ ಹೆಚ್ಚು ಹೇಳಿತ್ತು. ಇಬ್ಬರೂ ಕೂತು ಕಳೆದೆವು: ಪಿಎಫ್, ಪಿಜಿ ಬಾಡಿಗೆ, ಊಟ. ಉಳಿದದ್ದು ಜೇವರ್ಗಿಗಿಂತ ಕಡಿಮೆ! ಕಲಬುರಗಿಯ ಮನೆಯಿಂದ ಜೇವರ್ಗಿಗೆ ಹೋಗಿಬರಲು, ಶಕ್ತಿ ಯೋಜನೆಯಿಂದ, ಆಕೆಗೆ ಬಸ್ ಖರ್ಚೂ ಇಲ್ಲ. ಅವಳು ಇಲ್ಲೇ ಉಳಿದು ನೆಟ್‌ಗೆ ಕೂತಳು. ಆ ನಿರ್ಧಾರವನ್ನು ನಾನು ಈಗಲೂ ಮೆಚ್ಚುತ್ತೇನೆ.

ಪಿಎಚ್‌ಡಿ ಮುಗಿಯಲಿ, ಆಮೇಲೆ ನೆಟ್ ನೋಡೋಣ ಎನ್ನುವವರು ಇದ್ದಾರೆ. ಯುಜಿಸಿ 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕರ ನೇರ ನೇಮಕಾತಿಗೆ ನೆಟ್, ಸೆಟ್ ಅಥವಾ ಸ್ಲೆಟ್ ಅನ್ನು ಕನಿಷ್ಠ ಅರ್ಹತೆ ಎಂದು ಹೇಳಿದೆ, ಪಿಎಚ್‌ಡಿ ಐಚ್ಛಿಕ. ಪಿಎಚ್‌ಡಿಗೆ ಬೆಲೆ ಬರುವುದು ಒಳಗೆ ಹೋದ ಮೇಲೆ: ಅದು ಇದ್ದವರು ನಾಲ್ಕು ವರ್ಷಕ್ಕೆ ಮುಂದಿನ ಹಂತ ಏರಬಹುದು, ಇಲ್ಲದವರಿಗೆ ಆರು ವರ್ಷ. ಇನ್ನು ನಮ್ಮ ಭಾಗದವರ ಕೈಯಲ್ಲಿ ಸಂವಿಧಾನದ 371ಜೆ ವಿಧಿ ಇದೆ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆ ‘ಎ’ ಗುಂಪಿನದು, ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಅದರ ಶೇ 75 ನಮಗೆ ಮೀಸಲು. ಆದರೆ ನೇಮಕಾತಿ ವರ್ಷಗಟ್ಟಲೆ ನಿಂತರೆ ಮೀಸಲಾತಿ ಹೊಟ್ಟೆ ತುಂಬಿಸುವುದಿಲ್ಲ. ವಾರಕ್ಕೆ ಹದಿನೈದು ತಾಸು ಪಾಠ ಪ್ರತಿ ವರ್ಷವೂ ಇರುವ ಕಡೆ ಕಾಯಂ ಹುದ್ದೆ ತುಂಬಲೇಬೇಕು.

ಮುಂದಿನ ನೇಮಕಾತಿ ಅಧಿಸೂಚನೆ ಬಂದಾಗ ಅರ್ಜಿ ಹಾಕಲು ಮುಖ್ಯವಾಗಿ ಬೇಕಾದದ್ದು ಎರಡು ಕಾಗದ: ಅರ್ಹತಾ ಪರೀಕ್ಷೆಯ ಪ್ರಮಾಣಪತ್ರ, ಸಹಾಯಕ ಆಯುಕ್ತರ ಕಚೇರಿಯ 371ಜೆ ಪ್ರಮಾಣಪತ್ರ. ಎರಡನೆಯದನ್ನು ಈ ತಿಂಗಳೇ ಮಾಡಿಸಿಕೊಳ್ಳಿ. ಮೊದಲನೆಯದಕ್ಕೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಆವೃತ್ತಿಯಲ್ಲಿ, ಯುಜಿಸಿ ನೆಟ್ ನಡೆಯುತ್ತದೆ.