ಮೂರು ವರ್ಷದ ಪರದೇಶ ನೌಕರಿ: ಒಪ್ಪುವ ಮುನ್ನ ಮನೆಮಂದಿ ಕೂಡಿ ಮಾಡಬೇಕಾದ ಲೆಕ್ಕ



ಕಳೆದ ಶ್ರಾವಣದಲ್ಲಿ ಅಕ್ಕಲಕೋಟೆ ಕಡೆಯ ರೈತರೊಬ್ಬರು ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಮಗ ಐ.ಟಿ.ಐ. ಮುಗಿಸಿದ ಎಲೆಕ್ಟ್ರಿಷಿಯನ್. ದುಬೈಯಲ್ಲಿ ಮೂರು ವರ್ಷದ ನೌಕರಿ, ತಿಂಗಳಿಗೆ 2,500 ದಿರ್ಹಮ್ ಸಂಬಳ, ಒಂದೂವರೆ ಲಕ್ಷ ರೂಪಾಯಿ ಕೊಟ್ಟರೆ ಹದಿನೈದು ದಿನದಲ್ಲಿ ವಿಮಾನ ಹತ್ತಿಸುತ್ತೇನೆ ಎಂದು ಏಜೆಂಟನೊಬ್ಬ ಹೇಳಿದ್ದನಂತೆ. "ಅಪ್ಪಾವರ, ನಾಲ್ಕೆಕರೆ ಹೊಲ ಐತ್ರಿ. ಇವ ಹೋದ್ರ ನೋಡವರು ಯಾರು? ನೀವೇ ಒಂದು ಮಾತು ಹೇಳ್ರಿ" ಎಂದರು ತಂದೆ. ಮಗ ತಲೆ ತಗ್ಗಿಸಿ, "ತೊಗರಿ ರೇಟು ನಂಬಿಕೊಂಡು ತಂಗಿ ಮದುವಿ ಮಾಡಾಕ ಆಗತೈತೇನ್ರಿ?" ಎಂದ.

ಇಬ್ಬರ ಮಾತಿನಲ್ಲೂ ನಿಜವಿತ್ತು. ಹೋಗು ಎಂದೋ ಬೇಡ ಎಂದೋ ನಾವು ಅಪ್ಪಣೆ ಕೊಡಲಿಲ್ಲ. ಕಾಯಕಕ್ಕೆ ಊರಿನ ಗಡಿ ಇಲ್ಲ. ಸೊಲ್ಲಾಪುರದ ಗಿರಣಿಗಳಿಗೆ, ಪೇಟೆಗಳಿಗೆ ದುಡಿಯಲು ಹೋದವರ ಮಕ್ಕಳು ಮೊಮ್ಮಕ್ಕಳು ನಮ್ಮಲ್ಲಿ ಎಷ್ಟೋ ಜನರಿದ್ದಾರೆ. ಆದರೆ ಸೊಲ್ಲಾಪುರಕ್ಕೆ ಹೋದವನು ಬೇಸರವಾದರೆ ಸಂಜೆಯ ಬಸ್ಸಿಗೆ ಮನೆಗೆ ಬರಬಹುದು. ಸಮುದ್ರ ದಾಟಿದವನಿಗೆ ಆ ಅನುಕೂಲವಿಲ್ಲ. ಆದ್ದರಿಂದ ಒಂದು ಹಾಳೆ ತರಿಸಿ, ಅವರಿಬ್ಬರನ್ನೂ ಕೂರಿಸಿಕೊಂಡು ಮಾಡಿದ ವಿಚಾರವನ್ನೇ ಈ ಸಲದ ಪಾಠವಾಗಿ ಇಲ್ಲಿ ಕೊಡುತ್ತಿದ್ದೇವೆ.

ಒಂದು: ಯಾತಕ್ಕೆ ಹೋಗುವುದು?

ಗುರಿ ಗೊತ್ತಿಲ್ಲದೆ ಹೋದವನಿಗೆ ಮರಳುವ ದಿನವೂ ಗೊತ್ತಿರುವುದಿಲ್ಲ. ತಂಗಿಯ ಮದುವೆಗೋ, ಬಾವಿಯ ಸಾಲಕ್ಕೋ, ಮರಳಿ ಬಂದು ಅಂಗಡಿ ಇಡಲಿಕ್ಕೋ ಎಂಬುದನ್ನು ಮೊತ್ತದ ಸಮೇತ ಬರೆಯಬೇಕು. "ಎಲ್ಲರೂ ಹೋಗತಾರ" ಎಂಬುದು ಗುರಿಯಲ್ಲ.

ಎರಡು: ಕಾಗದ ಪತ್ರ

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇ.ಸಿ.ಆರ್. ಎಂಬ ಗುರುತು ಇರುತ್ತದೆ. ಅಂಥವರು ಕೊಲ್ಲಿ ರಾಷ್ಟ್ರಗಳೂ ಸೇರಿ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ 1983ರ ವಲಸೆ ಕಾಯ್ದೆಯ ಪ್ರಕಾರ ಸರಕಾರದ ಅನುಮತಿ ಬೇಕು. ಮುಂಬಯಿ, ಹೈದರಾಬಾದ್, ಚೆನ್ನೈಗಳಲ್ಲಿ ಇದರ ಕಚೇರಿಗಳಿವೆ. ಅನುಮತಿ ಪಡೆದು ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ. ಮೂರು ವರ್ಷಕ್ಕೆ ಕಂತು 375 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವಿಕಲತೆ ಆದರೆ 10 ಲಕ್ಷ ರೂಪಾಯಿ ಸಿಗುತ್ತದೆ. ಈ ಹುಡುಗ ಹತ್ತನೆಯದು ಪಾಸಾದವನು. ಅವನಿಗೆ ಅನುಮತಿಯ ಅಡ್ಡಿಯಿಲ್ಲ, ಆದರೆ ಆ ವಿಮೆಯೂ ತಾನಾಗಿ ಬರುವುದಿಲ್ಲ. ಅದನ್ನು ತಾನೇ ಮಾಡಿಸಿಕೊಳ್ಳಬೇಕು.

ಏಜೆಂಟನಿಗೆ ಭಾರತ ಸರಕಾರದ ಪರವಾನಗಿ ಇರಬೇಕು. ಅವನ ನೋಂದಣಿ ಸಂಖ್ಯೆಯನ್ನು ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ಜಿ.ಎಸ್.ಟಿ. ಮಾತ್ರ, ಅದಕ್ಕೂ ರಸೀದಿ ಕೊಡಬೇಕು. ಅಷ್ಟೇ ಅಲ್ಲ, ನೇಮಕಾತಿಯ ಖರ್ಚನ್ನು ಕೆಲಸಗಾರನ ಮೇಲೆ ಹೇರಬಾರದೆಂದು ಆ ದೇಶದ ಕಾನೂನೇ ಮಾಲೀಕನಿಗೆ ಹೇಳುತ್ತದೆ. ಹಾಗಿದ್ದ ಮೇಲೆ ಒಂದೂವರೆ ಲಕ್ಷ ಯಾತರದು?

"ಮೊದಲು ವಿಸಿಟ್ ವೀಸಾದ ಮೇಲೆ ಹೋಗು, ಅಲ್ಲಿ ಬದಲಿಸಿ ಕೊಡುತ್ತೇವೆ" ಎಂಬ ಮಾತಿಗೆ ಎಂದೂ ಒಪ್ಪಬಾರದು. ವಿಸಿಟ್ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ. ಸಂಬಳ ಕೊಡದಿದ್ದರೆ ದೂರು ಕೊಡಲು ಹೋದವನೇ ಸಿಕ್ಕಿಬೀಳುತ್ತಾನೆ. ನೌಕರಿಯ ಪತ್ರವನ್ನು ಅರಬ್ಬಿ, ಇಂಗ್ಲಿಷಿನ ಜೊತೆಗೆ ಹಿಂದಿಯಲ್ಲೂ ಪಡೆಯಬಹುದು. ಓದಿ ತಿಳಿಯದ ಕಾಗದಕ್ಕೆ ಸಹಿ ಹಾಕಬಾರದು.

ಮೂರು: ಸಂಬಳದ ಲೆಕ್ಕ

ದಿರ್ಹಮಿಗೆ 23 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದೆವು. 2,500 ದಿರ್ಹಮ್ ಎಂದರೆ 57,500 ರೂಪಾಯಿ. ತಂದೆಯ ಮುಖ ಅರಳಿತು. ಆಮೇಲೆ ಕಳೆಯಲು ಕೂತೆವು. ವಸತಿ ಕಂಪನಿಯದೇ ಆದರೂ ಊಟ, ಫೋನು, ಕೈಖರ್ಚು 700 ದಿರ್ಹಮ್ ಹೋದರೆ ಉಳಿಯುವುದು 41,400 ರೂಪಾಯಿ. ಹುಡುಗ ಇಲ್ಲಿಯೂ ಸುಮ್ಮನೆ ಕೂತಿಲ್ಲ. ಮೋಟಾರು ರಿಪೇರಿ, ವೈರಿಂಗಿನಿಂದ ತಿಂಗಳಿಗೆ 15,000 ರೂಪಾಯಿ ತರುತ್ತಾನೆ. ಹೊಲದಲ್ಲಿ ಅವನ ಬದಲು ಆಳು ಹಿಡಿದರೆ ಸರಾಸರಿ 5,000. ಅಂದರೆ ಮನೆಗೆ ನಿಜವಾಗಿ ಹೆಚ್ಚಾಗುವುದು ತಿಂಗಳಿಗೆ 21,400 ರೂಪಾಯಿ. ಮೂರು ವರ್ಷಕ್ಕೆ 7,70,400. ಏಜೆಂಟನಿಗೆ ಸಾಲ ಮಾಡಿ ಕೊಟ್ಟರೆ ಮೊದಲ ಏಳು ತಿಂಗಳ ಉಳಿತಾಯ ಅಸಲಿಗೇ ಸರಿಹೋಗುತ್ತದೆ, ಬಡ್ಡಿ ಬೇರೆ.

ಇನ್ನೊಂದು ಸೂಕ್ಷ್ಮವಿದೆ. ಸಂಬಳದಲ್ಲಿ ಮೂಲ ವೇತನ ಎಷ್ಟು, ಭತ್ಯೆ ಎಷ್ಟು ಎಂದು ಕೇಳಬೇಕು. ಕೆಲಸ ಬಿಡುವಾಗ ಸಿಗುವ ಗ್ರ್ಯಾಚುಯಿಟಿಯನ್ನು ಅಲ್ಲಿ ಮೂಲ ವೇತನದ ಮೇಲೆ ಮಾತ್ರ ಲೆಕ್ಕ ಹಾಕುತ್ತಾರೆ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ವೇತನ. ಮೂಲ ವೇತನ 1,500 ಆದರೆ ಮೂರು ವರ್ಷಕ್ಕೆ 3,150 ದಿರ್ಹಮ್. 2,500 ಪೂರ್ತಿ ಮೂಲ ವೇತನವಾಗಿದ್ದರೆ 5,250. ಒಂದು ಸಾಲು ಓದದೆ ಬಿಟ್ಟರೆ ಆಗುವ ನಷ್ಟ ಇಷ್ಟು.

ಮೂರು ವರ್ಷ ಪೂರ್ತಿ ನಡೆಯುತ್ತದೆಂದು ಹಿಡಿಯುವುದೂ ತಪ್ಪು. 1990ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನದಲ್ಲಿ ಮರಳಬೇಕಾಯಿತು. 2020ರಲ್ಲಿ ಕೊರೋನಾ ಬಂದಾಗಲೂ ಕೆಲಸ ಕಳೆದುಕೊಂಡು ಬಂದವರು ಬಹಳ. ಒಂದೇ ವರ್ಷಕ್ಕೆ ಮರಳಬೇಕಾದರೂ ಮನೆ ಮುಳುಗಬಾರದು. ಹಾಗೆ ಲೆಕ್ಕ ಕೂಡಿದರೆ ಮಾತ್ರ ಹೆಜ್ಜೆ ಇಡಬೇಕು.

ನಾಲ್ಕು: ಹೊಲದ ವಿಚಾರ

"ದುಡ್ಡು ಗಳಿಸಿ ಹೊಲ ತಗೋತೀನಿ" ಎಂದು ಹೇಳಿ ಹೋಗುವವರು ಬಹಳ. ನೌಕರಿಗಾಗಿ ಪರದೇಶದಲ್ಲಿ ನೆಲೆಸಿದವನು ವಿದೇಶಿ ವಿನಿಮಯದ ಕಾನೂನಿನಲ್ಲಿ ಅನಿವಾಸಿ ಎನಿಸುತ್ತಾನೆ. ಅನಿವಾಸಿಯಾಗಿರುವಷ್ಟು ಕಾಲ ಅವನು ಭಾರತದಲ್ಲಿ ಕೃಷಿ ಜಮೀನು ಖರೀದಿ ಮಾಡುವಂತಿಲ್ಲ. ಮೊದಲೇ ಇದ್ದ ಹೊಲ ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಬಂದದ್ದನ್ನು ಪಡೆಯಬಹುದು, ಅಷ್ಟೆ. ಹೀಗಾಗಿ ಮಗ ಕಳಿಸಿದ ಹಣದಿಂದ ಅಣ್ಣನ ಹೆಸರಿಗೆ ಹೊಲ ತೆಗೆದುಕೊಳ್ಳುತ್ತಾರೆ. ಸಾತಬಾರಾ ಉತಾರದಲ್ಲಿ ಅಣ್ಣನ ಹೆಸರೇ ಇರುತ್ತದೆ. ಹತ್ತು ವರ್ಷದ ಮೇಲೆ ಅಣ್ಣ ತಮ್ಮಂದಿರ ಜಗಳ ನಮ್ಮ ಕಟ್ಟೆಗೆ ಬರುತ್ತದೆ. ಅದಕ್ಕಿಂತ ಎನ್.ಆರ್.ಇ. ಖಾತೆಯಲ್ಲಿ ಹಣ ಕೂಡಿಸಿ, ಮರಳಿ ಬಂದು ನೆಲೆಸಿದ ಮೇಲೆ ತನ್ನ ಹೆಸರಿಗೇ ಕೊಳ್ಳುವುದು ಮೇಲು.

ಇರುವ ಹೊಲವನ್ನು ಪಾಲಿಗೆ ಕೊಡುವುದೋ ಲಾವಣಿಗೆ ಹಾಕುವುದೋ ಹೋಗುವ ಮೊದಲೇ ನಿರ್ಧರಿಸಿ ಬರೆದಿಡಬೇಕು. ಮುಖತ್ಯಾರ ಪತ್ರ ಕೊಡುವುದಾದರೆ ಇಂಥ ಕೆಲಸಕ್ಕೆ, ಇಷ್ಟು ಅವಧಿಗೆ ಎಂದು ಮಿತಿ ಹಾಕಬೇಕು. ಮಾರುವ ಅಧಿಕಾರವನ್ನು ಯಾರ ಮೇಲಿನ ಪ್ರೀತಿಗೂ ಕೊಡಬಾರದು.

ಐದು: ಮನೆಯವರು

ಹುಡುಗನಿಗೆ ಮದುವೆ ಗೊತ್ತಾಗಿತ್ತು. ದುಬೈಯಲ್ಲಿ ಹೆಂಡತಿಯನ್ನು ಕರೆಸಿಕೊಳ್ಳಲು ಸಂಬಳ 4,000 ದಿರ್ಹಮ್, ಇಲ್ಲವೇ ವಸತಿಯ ಜೊತೆ 3,000 ಇರಬೇಕು. ಇವನ ಸಂಬಳಕ್ಕೆ ಅದು ಆಗದು. ಹೊಸ ಸೊಸೆ ಮೂರು ವರ್ಷ ಗಂಡನಿಲ್ಲದ ಮನೆಯಲ್ಲಿ ಬಾಳಬೇಕು. "ಆ ಹುಡುಗಿಯನ್ನು ಕೇಳಿದಿರಾ?" ಎಂದೆವು. ತಂದೆ ಮಗ ಇಬ್ಬರೂ ಸುಮ್ಮನಾದರು. ಯಾರ ಮೇಲೆ ಭಾರ ಹೆಚ್ಚು ಬೀಳುವುದೋ ಅವರನ್ನು ಕೇಳದೆ ಮಾಡಿದ ಲೆಕ್ಕ ಪೂರ್ತಿಯಲ್ಲ.

ಮುಂದೆ ಆದದ್ದು

ಊರಿಗೆ ಹೋದ ಮೇಲೆ ಹುಡುಗ ಏಜೆಂಟನಿಗೆ ನೋಂದಣಿ ಸಂಖ್ಯೆ ಕೇಳಿದ. ನಾಳೆ ಕೊಡುತ್ತೇನೆ ಎಂದವನು ಮತ್ತೆ ಬರಲಿಲ್ಲ. ಒಂದೂವರೆ ಲಕ್ಷ ಉಳಿಯಿತು. ಆದರೆ ಹುಡುಗನ ಆಸೆ ತಪ್ಪೆಂದು ನಾವು ಹೇಳುವುದಿಲ್ಲ. ಈಗ ಅವನು ಪರವಾನಗಿ ಇರುವ ಕಡೆ ಅರ್ಜಿ ಹಾಕಿದ್ದಾನೆ, ಮೂಲ ವೇತನ ಎಷ್ಟೆಂದು ಮೊದಲು ಕೇಳುತ್ತಾನೆ. ಮದುವೆಯಾಗುವ ಹುಡುಗಿ "ಎರಡು ವರ್ಷ ಆದ್ರ ಹೂಂ, ಮೂರು ಬ್ಯಾಡ" ಎಂದಿದ್ದಾಳಂತೆ. ತಂದೆ ಈ ಸಲ ತಡೆದಿಲ್ಲ. ಆ ಹಾಳೆಯನ್ನು ಮಡಿಚಿ ಉತಾರದ ಜೊತೆ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ಊರೂರಿನ ಗೋಷ್ಠಿಗಳಲ್ಲಿ ವಿಚಾರಿಸಲು

1. ನಿಮ್ಮ ಊರಿನಿಂದ ಪರದೇಶಕ್ಕೆ ಹೋದವರು ಎಷ್ಟು ಜನ? ಗುರಿ ಮುಟ್ಟಿ ಮರಳಿದವರು ಎಷ್ಟು?
2. ಹೋದವರ ಹೊಲ, ಅಂಗಡಿ ಈಗ ಯಾರ ಕೈಯಲ್ಲಿದೆ? ಬರೆದ ಕಾಗದ ಉಂಟೇ?
3. ಹೋದವರ ಮನೆಯ ಮುದುಕರಿಗೆ ಕಾಯಿಲೆಯಾದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ಓಣಿಯವರು ಸರದಿ ಹಚ್ಚಿಕೊಳ್ಳಬಹುದೇ?